ಮಳೆ ಹಿಡಿಯುವ ಮೊದಲು ಕಂಪ್ಯೂಟರ್ ಫ್ಯಾನಿನ ಧೂಳು ತೆಗೆಯಿರಿ

ಮೂಡಿಗೆರೆ, ಸಕಲೇಶಪುರದ ಕಡೆ ಈ ಕೆಲಸಕ್ಕೆ ಸರಿಯಾದ ಕಾಲ ಏಪ್ರಿಲ್, ಮೇ. ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ಕಣದ ಧೂಳು, ಕಾಫಿ ಸಿಪ್ಪೆಯ ಪುಡಿ ಎಲ್ಲ ಕ್ಯಾಬಿನೆಟ್ ಒಳಗೆ ಸೇರಿರುತ್ತದೆ. ಒಣಗಿದ್ದಾಗ ಊದಿದರೆ ಹಾರುತ್ತದೆ. ಜೂನ್‌ನಲ್ಲಿ ಥಂಡಿ ಹಿಡಿಯಿತೋ, ರೆಕ್ಕೆಯ ಅಂಚಿಗೆ ಕಲಸಿದ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ; ಆಗ ಬ್ರಶ್ಶೇ ಗತಿ.

ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಜಗಲಿಗೆ ತನ್ನಿ.

ಎಲ್ಲಕ್ಕಿಂತ ಮುಖ್ಯ, ಊದುವಾಗ ಫ್ಯಾನ್ ತಿರುಗಕೂಡದು. ಬೆರಳನ್ನೋ ಐಸ್‌ಕ್ರೀಮ್ ಕಡ್ಡಿಯನ್ನೋ ರೆಕ್ಕೆಗೆ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ಸುತ್ತಿದರೆ ಬೇರಿಂಗ್ ಹಾಳು. ಜೊತೆಗೆ, ಹೊರಗಿನಿಂದ ತಿರುಗಿಸಿದ ಮೋಟಾರು ಸೈಕಲ್ ಡೈನಮೋದಂತೆ ಕರೆಂಟ್ ಹುಟ್ಟಿಸಿ ಮದರ್‌ಬೋರ್ಡಿಗೇ ತಿರುಗಿ ಕಳಿಸಬಹುದು.

ಏರ್ ಕ್ಯಾನನ್ನು (ಧೂಳು ಊದಲೆಂದೇ ಸಿಗುವ ಸ್ಪ್ರೇ ಡಬ್ಬಿ) ನೆಟ್ಟಗೆ ಹಿಡಿದು, 10–15 ಸೆಂ.ಮೀ. ದೂರದಿಂದ, ಒಂದೆರಡು ಸೆಕೆಂಡಿನಷ್ಟೇ ಬಿಟ್ಟು ಬಿಟ್ಟು ಊದಿ. ಕ್ಯಾನಿನೊಳಗೆ ಇರುವುದು ಬರೀ ಗಾಳಿಯಲ್ಲ, ಒತ್ತಡದಲ್ಲಿ ದ್ರವವಾಗಿರುವ ಅನಿಲ. ವಾಲಿಸಿದರೆ ದ್ರವವೇ ಚಿಮ್ಮಿ ಬೋರ್ಡಿನ ಮೇಲೆ ಮಂಜು ಕಟ್ಟುತ್ತದೆ, ಚರ್ಮಕ್ಕೆ ತಗುಲಿದರೆ ಸುಟ್ಟ ಹಾಗೆ ಗಾಯವಾಗುತ್ತದೆ. ಹಲವು ಕ್ಯಾನ್‌ಗಳಲ್ಲಿರುವುದು ಬೆಂಕಿ ಹೊತ್ತುವ ಅನಿಲ, ಹಾಗಾಗಿ ದೀಪ, ಊದುಬತ್ತಿ ಹತ್ತಿರ ಬೇಡ.

ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. ಫ್ಯಾನ್ ಬಿಚ್ಚಿ ನೋಡಿ: ಅದರಡಿ, ಲೋಹದ ಹಾಳೆಗಳ ಬಾಯಿಗೆ ಬೂದುಬಣ್ಣದ ಪದರ, ಹಳೇ ಕಂಬಳಿಯ ತುಂಡಿನ ಹಾಗೆ. ಫ್ಯಾನಿನ ಮೇಲಿಂದಲೇ ಊದಿದರೆ ಅದು ಇನ್ನೂ ಒಳಕ್ಕೆ ತುರುಕಿಕೊಳ್ಳುತ್ತದೆ. ಮೊದಲು ಚಿಮಟದಿಂದ ಎತ್ತಿ ತೆಗೆಯಿರಿ, ಉಳಿದದ್ದನ್ನು ಎದುರು ಬದಿಯಿಂದ ಊದಿ. ಹೀಟ್‌ಸಿಂಕ್ ಅಲುಗಾಡಿಸಬೇಡಿ, ಕಿತ್ತು ಬಂದರೆ ಅದಕ್ಕೂ ಪ್ರೊಸೆಸರ್‌ಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಲೇಬೇಕು.

ಪವರ್ ಸಪ್ಲೈ ಪೆಟ್ಟಿಗೆಯನ್ನು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಚಾರ್ಜ್ ಉಳಿದಿರಬಹುದು. ಜಾಲರಿಯಿಂದ ಮರದ ಕಡ್ಡಿ ತೂರಿಸಿ ರೆಕ್ಕೆ ನಿಲ್ಲಿಸಿ, ಹೊರಗಿನಿಂದಲೇ ಊದಿ.

ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟಿಯಾಗಿ ಸಿಗುತ್ತದೆಂದು ಕಂಪ್ಯೂಟರ್ ಹೊತ್ತೊಯ್ಯುವವರಿದ್ದಾರೆ. ದಯವಿಟ್ಟು ಬೇಡ. ಆ ಟ್ಯಾಂಕಿನಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ, ಒತ್ತಡವೂ ವಿಪರೀತ. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದರ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ.

ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಆಗಲೂ ಫ್ಯಾನ್ ಗರಗರ ಅಂದರೆ, ರೆಕ್ಕೆಗೆ ವೈರು ತಾಗುತ್ತಿಲ್ಲವಾದರೆ, ಬೇರಿಂಗ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಅಳತೆ 80 ಮಿ.ಮೀ.ಯೋ 120 ಮಿ.ಮೀ.ಯೋ, ವೈರಿನ ತುದಿಯ ಪಿನ್ ಮೂರೋ ನಾಲ್ಕೋ ನೋಡಿಕೊಂಡು ಹೊಸದನ್ನು ತನ್ನಿ.