ಎಷ್ಟು ಸಲ ಸೋತ ಮೇಲೆ ಬಿಡಬೇಕು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಹಲವು ವರ್ಷಗಳಿಂದ ಪಾಠ ಹೇಳಿಕೊಂಡಿರುವ ನನಗೆ, ಪ್ರಿಲಿಮ್ಸ್ ಎಂಬ ಮೊದಲ ಹಂತದ ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಇದು: ‘ಸರ್, ಎಷ್ಟು ಸಲ ಸೋತ ಮೇಲೆ ಬಿಡಬೇಕು?’ ಕೇಳುವವರು ಬಹುಮಟ್ಟಿಗೆ ‘ಬಿಡಲೇಬೇಡ’ ಎಂಬ ಮಾತಿಗಾಗಿ ಕಾದಿರುತ್ತಾರೆ. ಆ ಮಾತು ಹೇಳುವವನಿಗೆ ಖರ್ಚಿಲ್ಲ. ಖರ್ಚೆಲ್ಲ ಊರಿನಲ್ಲಿ ಕುಳಿತು ತಿಂಗಳಿಗೊಮ್ಮೆ ರೂಮಿನ ಬಾಡಿಗೆ ಹೊಂದಿಸುವ ತಂದೆಯದು.

ನಿಯಮದ ಉತ್ತರ ಎಲ್ಲರಿಗೂ ಗೊತ್ತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯ ವರ್ಗದವರು 32 ವರ್ಷದೊಳಗೆ 6 ಸಲ, ಇತರೆ ಹಿಂದುಳಿದ ವರ್ಗದವರು 35ರೊಳಗೆ 9 ಸಲ ಬರೆಯಬಹುದು. ಪರಿಶಿಷ್ಟರಿಗೆ 37ರೊಳಗೆ ಇಂತಿಷ್ಟೇ ಸಲ ಎಂಬ ಮಿತಿಯಿಲ್ಲ. ನನ್ನ ಉತ್ತರ ಸಂಖ್ಯೆಯಲ್ಲಿಲ್ಲ. ಸೋತದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಬಂದರೆ ಮತ್ತೊಮ್ಮೆ ಬರೆಯಿರಿ, ಬಾರದಿದ್ದರೆ ಅದು ಗೊತ್ತಾಗುವವರೆಗೆ ಅರ್ಜಿ ತುಂಬಬೇಡಿ ಎನ್ನುತ್ತೇನೆ.

ಮೂರನೆಯ ಸಲವೂ ಪ್ರಿಲಿಮ್ಸ್ ದಾಟದ ಹುಡುಗನೊಬ್ಬ ಇದೇ ಪ್ರಶ್ನೆ ಹೊತ್ತು ಬಂದಿದ್ದ. ಬೆಳಿಗ್ಗೆ ನಾಲ್ಕಕ್ಕೆ ಏಳುವವನು, ಸಂವಿಧಾನದ ವಿಧಿಗಳನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವವನು, ಮೇಜಿನ ಎದುರಿನ ಗೋಡೆಗೆ ‘ಛಲವೇ ಬಲ’ ಎಂದು ಬರೆದು ಅಂಟಿಸಿಕೊಂಡವನು. ಪ್ರಶ್ನೆಪುಸ್ತಿಕೆಯನ್ನು ಅಭ್ಯರ್ಥಿಗಳು ಮನೆಗೆ ತರಬಹುದಾದ್ದರಿಂದ, ಅದನ್ನು ತಾ ಎಂದೆ. ಮೊದಲ ಪತ್ರಿಕೆಯಲ್ಲಿ ಅವನಿಗೆ ತೊಂದರೆಯೇ ಇರಲಿಲ್ಲ. ಎರಡನೆಯದು, ಎಲ್ಲರೂ ಸಿಸ್ಯಾಟ್ ಎನ್ನುವುದು, ಲೆಕ್ಕ, ತರ್ಕ ಮತ್ತು ಗದ್ಯ ಓದಿ ಅರ್ಥಮಾಡಿಕೊಳ್ಳುವುದನ್ನು ಕೇಳುವ, ಬರೀ ಅರ್ಹತೆಗಾಗಿ ಇರುವ ಪತ್ರಿಕೆ: 80 ಪ್ರಶ್ನೆ, 200 ಅಂಕ, ಶೇಕಡಾ 33 ಬಂದರೆ ಸಾಕು. ಸರಿ ಉತ್ತರಕ್ಕೆ ಎರಡೂವರೆ ಅಂಕ, ತಪ್ಪಿದರೆ ಅದರ ಮೂರನೆಯ ಒಂದು ಭಾಗ ಕಡಿತ. ಇಬ್ಬರೂ ಪೆನ್ಸಿಲ್ ಹಿಡಿದು ಕುಳಿತೆವು. ಅವನು ಬರೆದದ್ದು 60, ಸರಿಯಾದದ್ದು 34, ತಪ್ಪಿದ್ದು 26. ಒಟ್ಟು 63.33 ಅಂಕ, ಬೇಕಿದ್ದದ್ದು 66. ತಪ್ಪಿದ 26ರಲ್ಲಿ ಐದನ್ನು ಮುಟ್ಟದೆ ಬಿಟ್ಟಿದ್ದರೆ 67.5 ಆಗುತ್ತಿತ್ತು. ಗೊತ್ತಿಲ್ಲದ್ದನ್ನು ಏಕೆ ಗುರುತು ಮಾಡಿದೆ ಎಂದು ಕೇಳಿದಾಗ, ‘ಖಾಲಿ ಬಿಟ್ಟರೆ ಧೈರ್ಯ ಕಡಿಮೆ ಅಂತ ಅನ್ನಿಸ್ತದ ಸರ್’ ಎಂದ.

ಹಿಂದಿನ ಎರಡು ವರ್ಷವೂ ಅವನು ಎಡವಿದ್ದು ಇದೇ ಪತ್ರಿಕೆಯಲ್ಲಿ, ಹೆಚ್ಚುಕಡಿಮೆ ಇಷ್ಟೇ ಅಂಕಗಳಿಂದ. ಪ್ರತಿ ಸಲ ಸೋತಾಗಲೂ ಅವನು ಮಾಡಿದ್ದು ಅಲಾರಂ ಅರ್ಧ ಗಂಟೆ ಹಿಂದಕ್ಕೆ ಇಟ್ಟು, ಸಂವಿಧಾನವನ್ನೇ ಮತ್ತೆ ಮೊದಲ ಪುಟದಿಂದ ಓದಿದ್ದು. ಶೇಕಡಾವಾರು, ಕಾಲ ಮತ್ತು ಕೆಲಸ, ಅನುಪಾತ, ಇವನ್ನು ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಒಂದು ದಿನವೂ ತೆರೆದಿರಲಿಲ್ಲ. ಅವನ ಮನೋಭಾವದಲ್ಲಿ ಕೊರತೆ ಹುಡುಕಿದರೂ ಸಿಗದು, ಗಾಯ ಒಂದು ಕಡೆ ಇದ್ದರೆ ಮುಲಾಮು ಇನ್ನೊಂದು ಕಡೆ ಬೀಳುತ್ತಿತ್ತು, ಅಷ್ಟೇ.

ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಿಲಿಮ್ಸ್ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತವನು ಅರ್ಧ ಪುಟದ ಇಂಗ್ಲಿಷ್ ಗದ್ಯವನ್ನು ಎರಡು ಸಲ ಓದುವಷ್ಟರಲ್ಲಿ ಉಳಿದವರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ಇದನ್ನೂ ‘ಮನಸ್ಸಿದ್ದರೆ ಮಾರ್ಗ’ ಎಂದು ಅವನ ಮನಸ್ಸಿನ ತಲೆಗೇ ಕಟ್ಟುವ ಭಾಷಣಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

‘ಹಂಗಾದ್ರ ಈ ಸಲ ಆಗ್ತದೇನ್ರಿ?’ ಎಂದು ಕೇಳಿದ. ಗೊತ್ತಿಲ್ಲ ಎಂದೆ; ಮಾರ್ಚ್‌ವರೆಗೆ ವಾರಕ್ಕೊಂದು ಹಳೆಯ ಸಿಸ್ಯಾಟ್ ಪತ್ರಿಕೆ ಬಿಡಿಸಿ ಅಂಕ ಬರೆದಿಡು, ಅಂಕ ಏರದಿದ್ದರೆ ಈ ಪರೀಕ್ಷೆ ಬಿಟ್ಟು ಬೇರೆ ನೋಡೋಣ ಎಂದೆ. ಈಗ ಓದುವ ಕೊಠಡಿಯಲ್ಲಿ ಅವನ ಮೇಜಿನ ಮೇಲೆ ಏಳನೆಯ ತರಗತಿಯ ಗಣಿತ ಪುಸ್ತಕವಿದೆ. ಪಕ್ಕದವರು ನೋಡಿ ನಕ್ಕಾರೆಂದು ಅದಕ್ಕೆ ದಿನಪತ್ರಿಕೆಯ ರಟ್ಟು ಹಾಕಿಕೊಂಡಿದ್ದಾನೆ.