‘ಪ್ಯಾರಾನಾರ್ಮಲ್ ಆಕ್ಟಿವಿಟಿ’: ಹೆದರಿದವರು ಸರಿಯೋ, ಆಕಳಿಸಿದವರು ಸರಿಯೋ?

ದೆವ್ವದ ಸಿನಿಮಾಗಳ ಬಗ್ಗೆ ಬರೆಯುವವರನ್ನು ಜನ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. “ಪ್ಯಾರಾನಾರ್ಮಲ್ ಆಕ್ಟಿವಿಟಿ ನೋಡಿದೆ. ಅರ್ಧ ಜನ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಅಂತಾರೆ, ಇನ್ನರ್ಧ ಜನ ನೋಡ್ತಾ ನೋಡ್ತಾನೇ ನಿದ್ದೆ ಬಂತು ಅಂತಾರೆ. ನನಗಂತೂ ಏನೂ ಅನ್ನಿಸಲಿಲ್ಲ. ಯಾರ ಮಾತು ನಂಬೋದು?”

ಇಬ್ಬರನ್ನೂ ನಂಬಿ. ಆದರೆ ಅವರು ಎಲ್ಲಿ ಕೂತು, ಯಾವುದರಲ್ಲಿ, ಏನನ್ನು ನಿರೀಕ್ಷಿಸಿ ನೋಡಿದರು ಅಂತ ಮೊದಲು ಕೇಳಿ. ಕೈಯಲ್ಲಿ ಕಾಸಿಲ್ಲದೆ ತೆಗೆದ ಸಿನಿಮಾ ದೆವ್ವವನ್ನು ತೋರಿಸಲಾರದು. ಅದರ ಬಳಿ ಇರುವುದು ಕತ್ತಲೆಯ ಒಂದು ಮೂಲೆ, ಒಂದು ಸದ್ದು ಮತ್ತು ನೋಡುವವರ ಕಾಯುವಿಕೆ, ಇಷ್ಟೇ. ಈ ಮೂರರಲ್ಲಿ ಒಂದು ನಿಮ್ಮನ್ನು ತಲುಪದಿದ್ದರೂ ನಿಮ್ಮ ಪಾಲಿಗೆ ಉಳಿಯುವುದು ಒಂದು ಜೋಡಿಯ ಜಗಳದ ವಿಡಿಯೋ ಮಾತ್ರ. (ಮುಂದೆ ಕಥೆಯ ಕೊನೆಯನ್ನೂ ಹೇಳಿದ್ದೇನೆ. ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.)

ಓರೆನ್ ಪೇಲಿ ಎಂಬ ಸಾಫ್ಟ್‌ವೇರ್ ಪ್ರೋಗ್ರಾಮರ್ 2006ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ತನ್ನ ಸ್ವಂತ ಮನೆಯಲ್ಲೇ ಇದನ್ನು ಒಂದು ವಾರದಲ್ಲಿ ಚಿತ್ರೀಕರಿಸಿದ. ಖರ್ಚು ಸುಮಾರು 15 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಏಳು ಲಕ್ಷ ರೂಪಾಯಿಯ ಹತ್ತಿರ. ಚಿತ್ರೀಕರಣಕ್ಕೂ ಮುಂಚೆ ಗೋಡೆಗೆ ಬಣ್ಣ, ನೆಲಕ್ಕೆ ಕಾರ್ಪೆಟ್, ಮೆಟ್ಟಿಲಿನ ಕೆಲಸ ಎಂದು ಮನೆಯನ್ನು ಅಣಿಮಾಡಿಕೊಂಡಿದ್ದ. ಕೇಟಿ ಫೆದರ್‌ಸ್ಟನ್, ಮೈಕಾ ಸ್ಲೋಟ್ ಎಂಬ ಯಾರೂ ಅರಿಯದ ಇಬ್ಬರು ನಟರು ತಮ್ಮ ನಿಜ ಹೆಸರಿನಲ್ಲೇ ನಟಿಸಿದರು. ಬರೆದ ಸಂಭಾಷಣೆ ಇರಲಿಲ್ಲ. ಸನ್ನಿವೇಶ ಹೇಳಿದರೆ ಮಾತು ಅವರದ್ದೇ. ಹಿನ್ನೆಲೆ ಸಂಗೀತವೂ ಇಲ್ಲ. ಇದೇ ಸಿನಿಮಾ ಮುಂದೆ ಜಗತ್ತಿನಾದ್ಯಂತ 19 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಆದರೆ 15 ಸಾವಿರವನ್ನೂ 19 ಕೋಟಿಯನ್ನೂ ಪಕ್ಕಪಕ್ಕ ಇಟ್ಟು ಬೆರಗಾಗುವವರು, ಆ ಮೊದಲ ಅಂಕಿಯಲ್ಲಿ ಚಿತ್ರವನ್ನು ಬಿಡುಗಡೆ ಮಾಡಿದ ಪ್ಯಾರಾಮೌಂಟ್ ಸಂಸ್ಥೆಯ ಪ್ರಚಾರದ ಖರ್ಚು ಸೇರಿಲ್ಲ ಎಂಬುದನ್ನು ಮರೆಯಬಾರದು.

ಕಥೆ ಇಷ್ಟೇ: ರಾತ್ರಿ ಮನೆಯಲ್ಲಿ ನಡೆಯುವ ವಿಚಿತ್ರಗಳನ್ನು ಹಿಡಿಯಲು ಕೇಟಿಯ ಜತೆಗಾರ ಮೈಕಾ ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡುತ್ತಾನೆ. ಇನ್ನು ಆ ಮಲಗುವ ಕೋಣೆಯ ದೃಶ್ಯ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ನಿಂತಿದೆ. ಒಂದು ಕಡೆ ಮಂಚ, ಅದರ ಮೇಲೆ ಮಲಗಿರುವ ಇಬ್ಬರು. ಎಡಕ್ಕೆ ತೆರೆದ ಬಾಗಿಲು, ಬಾಗಿಲಾಚೆ ಕತ್ತಲೆಯ ಓಣಿ. ಕೆಳಗೊಂದು ಮೂಲೆಯಲ್ಲಿ ಗಡಿಯಾರದ ಅಂಕಿಗಳು. ಅಂಕಿಗಳು ಸರಸರ ಓಡುತ್ತಿದ್ದರೆ ಏನೂ ಆಗುವುದಿಲ್ಲ. ಓಟ ನಿಂತು ಸೆಕೆಂಡುಗಳು ಮಾಮೂಲಿ ನಡಿಗೆಗೆ ಬಂದವೆಂದರೆ ಏನೋ ಆಗಲಿದೆ. ಎರಡು ರಾತ್ರಿ ಕಳೆಯುವಷ್ಟರಲ್ಲಿ ನೋಡುಗ ಈ ಪಾಠವನ್ನು ತಾನಾಗಿ ಕಲಿತಿರುತ್ತಾನೆ. ಅಲ್ಲಿಂದ ಮುಂದೆ ಅಂಕಿ ನಿಧಾನವಾದರೆ ಸಾಕು, ಮೈ ಬಿಗಿಯಾಗುತ್ತದೆ. ಮಾಮೂಲಿ ಸಿನಿಮಾದಲ್ಲಿ ಎಲ್ಲಿ ನೋಡಬೇಕೆಂದು ಕ್ಯಾಮೆರಾ ಹೇಳುತ್ತದೆ, ಕ್ಲೋಸಪ್ಪಿಗೆ ಹೋಗುತ್ತದೆ. ಇಲ್ಲಿ ಹೇಳುವವರಿಲ್ಲ. ಬಾಗಿಲು ನೋಡುವುದೋ, ಹೊದಿಕೆ ನೋಡುವುದೋ, ಓಣಿ ನೋಡುವುದೋ ಎಂದು ಕಣ್ಣು ಅಲೆಯುತ್ತದೆ. ಹಾಗೆ ಅಲೆಯುವಾಗಲೇ ಬಾಗಿಲು ನಾಲ್ಕು ಬೆರಳು ಸರಿಯುತ್ತದೆ.

ಇದನ್ನು ಮೊಬೈಲಿನಲ್ಲಿ ನೋಡಿದವರಿಗೆ ಅಲೆಯಲು ಜಾಗವೇ ಇಲ್ಲ, ಇಡೀ ಕೋಣೆ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. “ಬಾಗಿಲು ಅಲ್ಲಾಡಿತು, ಅಷ್ಟೇ” ಎಂಬ ಅಭಿಪ್ರಾಯ ಬಹಳ ಸಲ ಇಲ್ಲಿಂದ ಹುಟ್ಟುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕಂಡದ್ದೇ ಅಷ್ಟು.

ಮೊಬೈಲಿನಲ್ಲಿ ಸದ್ದಿನ ಪಾಡು ಇನ್ನೂ ಕೆಟ್ಟದು. ರಾತ್ರಿಯ ಘಟನೆಗಳಿಗೆ ತುಸು ಮುಂಚೆ ಈ ಸಿನಿಮಾದಲ್ಲಿ ಬಹಳ ತಗ್ಗಿನ ಗುಮ್ಮೆನ್ನುವ ಸದ್ದೊಂದು ಬರುತ್ತದೆ. ದೂರದಲ್ಲಿ ಲಾರಿ ನಿಂತು ಎಂಜಿನ್ ಓಡುತ್ತಿದ್ದಂತೆ. ಕಿವಿಗಿಂತ ಎದೆಗೆ ಮೊದಲು ತಾಗುವಂಥದ್ದು. ಮೊಬೈಲಿನ ಸ್ಪೀಕರ್ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಹೆಚ್ಚುಕಡಿಮೆ ಹೊರಡಿಸುವುದೇ ಇಲ್ಲ. ಗೋಡೆಗೆ ಅಂಟಿಸುವ ತೆಳು ಟೀವಿಗಳ ಸ್ಪೀಕರ್ 100 ಹರ್ಟ್ಸ್‌ನ ಕೆಳಗೆ ಸೊರಗಿಹೋಗುತ್ತದೆ. ಅಂದರೆ ದೆವ್ವ ಬರುವ ಸೂಚನೆಯೇ ನಿಮ್ಮ ಮನೆಗೆ ಬಂದಿರುವುದಿಲ್ಲ. ಬಂದದ್ದು ನಿಶ್ಶಬ್ದ, ಆಮೇಲೆ ಒಂದು ‘ಧಪ್’.

ಹಾಗಾಗಿ ನೋಡುವುದಾದರೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಸಬ್‌ವೂಫರ್ ಇರುವ ಸೌಂಡ್‌ಬಾರ್ ಬಳಸಿ. ಸೌಂಡ್‌ಬಾರಿನಲ್ಲಿ ‘ನೈಟ್ ಮೋಡ್’ ಇದ್ದರೆ ಆಫ್ ಮಾಡಿ. ಅದು ಸಣ್ಣ ಸದ್ದನ್ನು ಹಿಗ್ಗಿಸಿ, ದೊಡ್ಡ ಸದ್ದನ್ನು ಕುಗ್ಗಿಸುತ್ತದೆ. ಅಕ್ಕಪಕ್ಕದ ಮನೆಯವರಿಗೆ ಉಪಕಾರ, ಈ ಸಿನಿಮಾಕ್ಕೆ ಮಾತ್ರ ಅಪಚಾರ. ಹಗಲಿನ ದೃಶ್ಯದಲ್ಲಿ ಕೇಟಿ, ಮೈಕಾ ಮಾತಾಡುವಾಗ ಎದುರಿಗೇ ಕೂತು ಮಾತಾಡಿದಷ್ಟು ಕೇಳುವಂತೆ ವಾಲ್ಯೂಮ್ ಇಟ್ಟು, ಮತ್ತೆ ರಿಮೋಟ್ ಮುಟ್ಟಬೇಡಿ. ರಾತ್ರಿಯ ದೃಶ್ಯದಲ್ಲಿ ಏನೂ ಕೇಳುತ್ತಿಲ್ಲವೆಂದು ವಾಲ್ಯೂಮ್ ಏರಿಸಿದವರು ಮುಂದಿನ ಸದ್ದಿಗೆ ಕುರ್ಚಿಯಿಂದ ಹಾರುತ್ತಾರೆ, ಆಮೇಲೆ “ಸುಮ್ಮನೆ ಕಿವಿಗೆ ಹೊಡೆಯುತ್ತೆ” ಎಂದು ಬರೆಯುತ್ತಾರೆ. ದಿಢೀರ್ ಸದ್ದಿಗೆ ಮೈ ಬೆಚ್ಚುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಪ್ರತಿಕ್ರಿಯೆ. ಪ್ರೆಶರ್ ಕುಕ್ಕರಿನ ಸೀಟಿಗೂ ಬೆಚ್ಚುತ್ತೇವೆ. ಅದನ್ನು ಸಿನಿಮಾದ ಗುಣವೆಂದಾಗಲಿ ದೋಷವೆಂದಾಗಲಿ ಎಣಿಸಬಾರದು.

ಕತ್ತಲೆಗೂ ಹೀಗೇ ಒಂದು ಹೊಂದಾಣಿಕೆ ಬೇಕು. ಮೊದಲ ರಾತ್ರಿಯ ದೃಶ್ಯದಲ್ಲಿ ಸಿನಿಮಾ ನಿಲ್ಲಿಸಿ. ಬಾಗಿಲಾಚೆಯ ಓಣಿ ಮಸಿ ಬಳಿದಂತೆ ಒಂದೇ ಕಪ್ಪಾಗಿದ್ದರೆ ಬ್ರೈಟ್‌ನೆಸ್ ಎರಡು ಮೂರು ಅಂಕ ಏರಿಸಿ. ಇಡೀ ಕೋಣೆಗೆ ಬೂದಿ ಎರಚಿದಂತಿದ್ದರೆ ಇಳಿಸಿ. ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯನ್ನು ತಾನೇ ಮಂಕು ಮಾಡುವ ವಿದ್ಯುತ್ ಉಳಿತಾಯದ ಆಯ್ಕೆಯನ್ನು ತೆಗೆಯಿರಿ. ಇಂಟರ್ನೆಟ್ ನಿಧಾನವಿದ್ದರೆ ಮೊದಲು ಹಾಳಾಗುವುದು ಕತ್ತಲೆಯ ಭಾಗವೇ. ಕಪ್ಪೆಲ್ಲ ಚೌಕ ಚೌಕವಾಗಿ ಒಡೆದು ಸುಮ್ಮಸುಮ್ಮನೆ ಅಲ್ಲಾಡುತ್ತದೆ, ನಿಜವಾಗಿ ಅಲ್ಲಾಡಿದ ನೆರಳು ಅದರಲ್ಲಿ ಕಳೆದುಹೋಗುತ್ತದೆ. ಅಂಥ ದಿನ ನೋಡದಿರುವುದೇ ವಾಸಿ.

ಕಾಯುವಿಕೆಯ ವಿಷಯದಲ್ಲಿ ನಮ್ಮ ಕಡೆಯ ನೋಡುಗರಿಗೆ ಎರಡು ತೊಡಕುಗಳಿವೆ. ಒಂದು ಇಂಟರ್ವಲ್. ಈ ಸಿನಿಮಾ ಇರುವುದೇ 86 ನಿಮಿಷ. ಒಂದೊಂದೇ ರಾತ್ರಿ ಕಳೆಯುತ್ತ ಬಿಗಿ ಏರಬೇಕು, ನಡುವೆ ಉಸಿರು ಬಿಡಲು ಎಡೆ ಕೊಡಬಾರದು ಎಂಬ ಲೆಕ್ಕಾಚಾರ ಅದರದು. ಸರಿಯಾಗಿ ನಡುವಲ್ಲಿ ದೀಪ ಹಾಕಿ ಪಾಪ್‌ಕಾರ್ನ್ ಮಾರಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಮನೆಯಲ್ಲಿ ಹತ್ತು ಸೆಕೆಂಡು ಮುಂದಕ್ಕೆ ಓಡಿಸುವ ಗುಂಡಿಯೂ ಅದೇ ಕೆಲಸ ಮಾಡುತ್ತದೆ.

ಎರಡನೆಯದು ಆಳದ್ದು. ನಮ್ಮ ಕಥೆಗಳ ದೆವ್ವಕ್ಕೆ ಹಿಂದೊಂದು ಬಾಳಿರುತ್ತದೆ. ಅನ್ಯಾಯವಾಗಿ ಸತ್ತವರು, ಆಸೆ ತೀರದೆ ಹೋದವರು, ಸೇಡು ಬಾಕಿ ಉಳಿಸಿಕೊಂಡವರು. ನಾಗವಲ್ಲಿಗೂ ಒಂದು ಪ್ರೇಮದ, ಒಂದು ಕೊಲೆಯ ಕಥೆ ಇತ್ತು. ಫ್ಲ್ಯಾಶ್‌ಬ್ಯಾಕ್ ಬಂದು ಆ ಗಂಟು ಬಿಚ್ಚಿದ ಮೇಲೆ ನಮ್ಮ ಮನಸ್ಸು ಹಗುರವಾಗುತ್ತದೆ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯಲ್ಲಿ ಕಾಡುವುದು ಸತ್ತ ಮನುಷ್ಯನ ಆತ್ಮವಲ್ಲ. ಮನೆಗೆ ಬರುವ ಅತೀಂದ್ರಿಯ ತಜ್ಞ ಆರಂಭದಲ್ಲೇ ಇದನ್ನು ಹೇಳುತ್ತಾನೆ: ಇದು ಎಂದೂ ಮನುಷ್ಯನಾಗಿರದ ಒಂದು ದುಷ್ಟಶಕ್ತಿ. ಅದಕ್ಕೆ ಸೇಡಿಲ್ಲ, ಬೇಡಿಕೆಯಿಲ್ಲ, ಶಾಂತಿ ಮಾಡಿಸಿದರೆ ಹೋಗುವುದೂ ಇಲ್ಲ. ಫ್ಲ್ಯಾಶ್‌ಬ್ಯಾಕಿಗೆ ಕಾದು ಕೂತವರು “ಕಥೆಯೇ ಇಲ್ಲ” ಎಂದು ಬೇಸರಪಡುವುದು ಸಹಜ. ನನಗೆ ಮಾತ್ರ ಈ ಕಾರಣವಿಲ್ಲದಿರುವಿಕೆಯೇ ಸಿನಿಮಾದ ಅತಿ ಭಯಾನಕ ಅಂಶ.

ಹಾಗೆಯೇ “ಮನೆ ಬಿಟ್ಟು ಹೋಗಬಾರದಿತ್ತೇ?” ಎಂಬ ಆಕ್ಷೇಪ. ಇದಕ್ಕೂ ಆ ತಜ್ಞನ ಮಾತಿನಲ್ಲೇ ಉತ್ತರವಿದೆ. ಅದು ಹಿಡಿದಿರುವುದು ಮನೆಯನ್ನಲ್ಲ, ಕೇಟಿಯನ್ನು. ಎಲ್ಲಿ ಹೋದರೂ ಹಿಂದೆ ಬರುತ್ತದೆ. ಸಿನಿಮಾ ಶುರುವಾದ ಮೇಲೆ ತಡವಾಗಿ ಬಂದು ಕೂತವರಿಗೆ ಈ ಮಾತು ತಪ್ಪಿಹೋಗಿರುತ್ತದೆ, ಅಲ್ಲಿಂದ ಮುಂದೆ ಇಡೀ ಸಿನಿಮಾ ಪೆದ್ದುತನವಾಗಿ ಕಾಣುತ್ತದೆ. ಕಾಡಿನಲ್ಲಿ ಕಾಣೆಯಾದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳ ರೂಪದ 1999ರ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ನಲ್ಲೂ ಹೀಗೇ ಆಗಿತ್ತು. ಕೊನೆಯಲ್ಲಿ ಒಬ್ಬ ಗೋಡೆಯ ಮೂಲೆಗೆ ಮುಖ ಮಾಡಿ ಸುಮ್ಮನೆ ನಿಂತಿರುತ್ತಾನೆ. ಮಕ್ಕಳನ್ನು ಕೊಂದವನೊಬ್ಬ ಒಂದು ಮಗುವನ್ನು ಕೊಲ್ಲುವಾಗ ಇನ್ನೊಂದನ್ನು ಮೂಲೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದನೆಂದು ಊರಿನವರೊಬ್ಬರು ಆರಂಭದಲ್ಲಿ ಹೇಳಿದ್ದು ನೆನಪಿದ್ದವರಿಗೆ ಅದು ಎದೆ ನಿಲ್ಲಿಸುವ ದೃಶ್ಯ. ನೆನಪಿಲ್ಲದವರಿಗೆ “ಇದೇನು ಕೊನೆ?” ಆ ಚಿತ್ರ ಬಿಡುಗಡೆಯಾದಾಗ ಸಿನಿಮಾಸ್ಕೋರ್ ಎಂಬ ಸಂಸ್ಥೆ ಥಿಯೇಟರಿನಲ್ಲಿ ಪ್ರೇಕ್ಷಕರಿಂದಲೇ ಅಂಕ ಪಡೆದಿತ್ತು. ಬಂದದ್ದು ‘ಸಿ ಪ್ಲಸ್’. ಆದರೂ ಅದು ಗಳಿಸಿದ್ದು 24 ಕೋಟಿ ಡಾಲರ್‌ಗೂ ಹೆಚ್ಚು.

‘ಬ್ಲೇರ್ ವಿಚ್’ ಬಗ್ಗೆ ಇನ್ನೊಂದು ದೂರು ತಲೆಸುತ್ತು, ಕ್ಯಾಮೆರಾ ಕೈಯಲ್ಲೇ ಹಿಡಿದು ಓಡುವುದರಿಂದ. ಕನ್ನಡದಲ್ಲಿ ಕೆ. ಎಸ್. ಅಶೋಕ ನಿರ್ದೇಶಿಸಿದ, ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳ ರೂಪದ ‘6-5=2’ (2013) ಕೂಡ ಇದೇ ಜಾತಿಯದು. ತಲೆಸುತ್ತು ಬರುವವರು ಹಿಂದಿನ ಸಾಲಿನಲ್ಲಿ ಕೂರಲಿ, ಮನೆಯಲ್ಲಾದರೆ ಟೀವಿಯ ಹಿಂದೆ ಒಂದು ಮಂದ ದೀಪ ಇಟ್ಟುಕೊಳ್ಳಲಿ. ಅಲುಗಾಡದ ವಸ್ತುವೊಂದು ಕಣ್ಣಿನ ಅಂಚಿನಲ್ಲಿದ್ದರೆ ಎಷ್ಟೋ ತಡೆಯುತ್ತದೆ.

ಮೊದಲ ಅಭಿಪ್ರಾಯಗಳಿಗೂ ನಂತರದವಕ್ಕೂ ಅಂತರ ಬರಲು ಬಿಡುಗಡೆಯ ರೀತಿಯೂ ಕಾರಣ. 2009ರ ಸೆಪ್ಟೆಂಬರ್ 25ರಂದು ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ತೆರೆ ಕಂಡದ್ದು ಅಮೆರಿಕದ 13 ಕಾಲೇಜು ಊರುಗಳಲ್ಲಿ. ನಮ್ಮೂರಿಗೂ ತನ್ನಿ ಎಂದು ಜನ ಇಂಟರ್ನೆಟ್ಟಿನಲ್ಲಿ ಬೇಡಿಕೆ ಸಲ್ಲಿಸಬೇಕಿತ್ತು. 10 ಲಕ್ಷ ಬೇಡಿಕೆ ಬಂದರೆ ದೇಶವಿಡೀ ಬಿಡುಗಡೆ ಎಂದರು, ಅಕ್ಟೋಬರಿನಲ್ಲಿ ಹಾಗೆಯೇ ಮಾಡಿದರು. ಅಂದರೆ ಮೊದಲು ನೋಡಿದವರು ನಡುರಾತ್ರಿಯ ಪ್ರದರ್ಶನಕ್ಕೆ ತಾವಾಗಿ ಹೆದರಲು ಬಂದ ಯುವಕ ಯುವತಿಯರು. ತುಂಬಿದ ಥಿಯೇಟರಿನಲ್ಲಿ ಪಕ್ಕದವರು ಚೀರಿದರೆ ನಮಗೂ ಜೀವ ಬಾಯಿಗೆ ಬರುತ್ತದೆ. ಟ್ರೇಲರ್‌ನಲ್ಲಿ ತೋರಿಸಿದ್ದೂ ಸಿನಿಮಾಕ್ಕಿಂತ ಹೆಚ್ಚಾಗಿ ಚೀರುತ್ತಿದ್ದ ಪ್ರೇಕ್ಷಕರನ್ನೇ. ಅದನ್ನು ನೋಡಿ ತಿಂಗಳುಗಳ ನಂತರ ಒಬ್ಬರೇ ಡಿವಿಡಿ ಹಾಕಿಕೊಂಡು ಕೂತವರಿಗೆ ಮೋಸ ಹೋದೆ ಅನ್ನಿಸಿದ್ದರೆ ಅವರ ತಪ್ಪಲ್ಲ. ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನದಲ್ಲಿ ಜನ ಎದ್ದು ಹೊರನಡೆದಾಗ ಚಿತ್ರ ಸೋತಿತೆಂದೇ ಸ್ಟುಡಿಯೋದವರು ಭಾವಿಸಿದ್ದರಂತೆ. ಅವರು ಹೊರಟದ್ದು ಹೆದರಿಕೆ ತಾಳಲಾರದೆ ಎಂದು ಆಮೇಲೆ ತಿಳಿಯಿತಂತೆ.

ಈ ಕಾರಣಕ್ಕೇ ಸರಾಸರಿ ಅಂಕ ಇಂಥ ಸಿನಿಮಾಕ್ಕೆ ನಿಷ್ಪ್ರಯೋಜಕ. ನೋಡುಗರು ಸಿನಿಮಾಗಳಿಗೆ ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಇದು ಹತ್ತಕ್ಕೆ ಆರರ ಆಸುಪಾಸಿನಲ್ಲಿದೆ. ಐದು ಜನ 9 ಕೊಟ್ಟು ಐದು ಜನ 3 ಕೊಟ್ಟರೂ ಸರಾಸರಿ ಆರೇ, ಆದರೆ ಆ ಹತ್ತರಲ್ಲಿ ಒಬ್ಬರಿಗೂ ಸಿನಿಮಾ ‘ಪರವಾಗಿಲ್ಲ’ ಅನ್ನಿಸಿಲ್ಲ. ಅಂಕ ಬಿಟ್ಟು, ಒಂದು ದೃಶ್ಯವನ್ನಾದರೂ ಹೆಸರಿಸಿ ಬರೆದ ಅಭಿಪ್ರಾಯ ಹುಡುಕಿ. “ಕೇಟಿ ಎದ್ದು ಗಂಟೆಗಟ್ಟಲೆ ಮಂಚದ ಪಕ್ಕ ನಿಂತೇ ಇದ್ದದ್ದು ಸಹಿಸಲಾಗಲಿಲ್ಲ” ಎಂದವರು ಸಿನಿಮಾ ನೋಡಿದ್ದಾರೆ. “ಪೌಡರಿನ ಮೇಲೆ ಹೆಜ್ಜೆ ಗುರುತು ಮೂಡಿದ್ದು ಮನುಷ್ಯರದ್ದಲ್ಲ” ಎಂದವರೂ ಗಮನವಿಟ್ಟು ನೋಡಿದ್ದಾರೆ. ಅವರಿಗೆ ಚಿತ್ರ ಹಿಡಿಸದಿದ್ದರೂ ಆ ಮಾತಿಗೆ ತೂಕವಿದೆ.

ನಿಜವಾದ ದೋಷಗಳೂ ಇವೆ. ನಡುಭಾಗದ ಹಗಲಿನ ಜಗಳಗಳು ಒಂದೇ ಸುತ್ತು ಸುತ್ತುತ್ತವೆ: ಕ್ಯಾಮೆರಾ ಬೇಡ ಎಂದು ಅವಳು, ಬೇಕು ಎಂದು ಅವನು. ಅಟ್ಟದಲ್ಲಿ ಸಿಗುವ, ಬೆಂಕಿಯಲ್ಲಿ ಸುಟ್ಟಿರಬೇಕಿದ್ದ ಕೇಟಿಯ ಬಾಲ್ಯದ ಫೋಟೋ ಒಳ್ಳೆಯ ಎಳೆ. ಅದನ್ನು ಅಲ್ಲೇ ಕೈಬಿಟ್ಟಿದ್ದಾರೆ. ಇವನ್ನು ಹೇಳಿ ಬೇಸರಪಟ್ಟವರ ಜತೆ ನನ್ನದೇನೂ ತಕರಾರಿಲ್ಲ.

ಕೊನೆಯ ಬಗ್ಗೆ ಯಾರಾದರೂ ದೂರಿದರೆ ಮಾತ್ರ ಯಾವ ಕೊನೆ ಎಂದು ಕೇಳಲೇಬೇಕು, ಏಕೆಂದರೆ ಮೂರಿವೆ. ಥಿಯೇಟರಿನದ್ದು ಸ್ಟೀವನ್ ಸ್ಪೀಲ್‌ಬರ್ಗ್ ಸಲಹೆಯ ಮೇಲೆ ಮಾಡಿದ್ದು: ಮೈಕಾನ ದೇಹ ಕ್ಯಾಮೆರಾದ ಮೇಲೆ ಬಂದು ಬೀಳುತ್ತದೆ, ಕೇಟಿ ತೆವಳಿ ಬಂದು ನಮ್ಮತ್ತ ಎಗರುತ್ತಾಳೆ. ಇನ್ನೊಂದರಲ್ಲಿ ಅವಳು ಕ್ಯಾಮೆರಾದೆದುರು ಕತ್ತು ಕೊಯ್ದುಕೊಳ್ಳುತ್ತಾಳೆ. 2007ರಲ್ಲಿ ಲಾಸ್ ಏಂಜಲೀಸ್‌ನ ಸ್ಕ್ರೀಮ್‌ಫೆಸ್ಟ್ ಚಿತ್ರೋತ್ಸವದಲ್ಲಿ ತೋರಿಸಿದ ಮೂಲ ಪ್ರತಿಯಲ್ಲಿ ಎಗರುವುದಿಲ್ಲ. ಅವಳು ಚಾಕು ಹಿಡಿದು ಮಂಚದ ಪಕ್ಕ ಕೂತು ಹಿಂದೆ ಮುಂದೆ ತೂಗುತ್ತಿರುತ್ತಾಳೆ, ಗಡಿಯಾರದ ಅಂಕಿಗಳು ಗಂಟೆಗಟ್ಟಲೆ ಓಡುತ್ತವೆ, ಫೋನ್ ರಿಂಗಾಗಿ ನಿಲ್ಲುತ್ತದೆ. ಪೊಲೀಸರು ಬಂದಾಗ ಎಚ್ಚೆತ್ತು, ಏನಾಗಿದೆಯೆಂದೇ ತಿಳಿಯದೆ ಮೈಕಾನನ್ನು ಕೇಳುತ್ತಾಳೆ. ಒಳಗೆಲ್ಲೋ ಒಂದು ಬಾಗಿಲು ಬಡಿದುಕೊಳ್ಳುತ್ತದೆ, ಬೆಚ್ಚಿದ ಪೊಲೀಸರು ಗುಂಡು ಹಾರಿಸುತ್ತಾರೆ. ನನ್ನ ಮತ ಇದಕ್ಕೆ. ಎಪ್ಪತ್ತು ಎಂಬತ್ತು ನಿಮಿಷ ನಮಗೆ ಕಾಯುವುದನ್ನು ಕಲಿಸಿದ ಸಿನಿಮಾ ಇಲ್ಲಿ ಕಡೆಯ ಸಲ ಆ ಅಂಕಿಗಳನ್ನು ಓಡಿಸುತ್ತದೆ, ಕೂತವಳು ಮಾತ್ರ ಏಳುವುದಿಲ್ಲ.