ದುಬೈಯಲ್ಲಿ ಪಗಾರ ಹಿಡಿದಿಡಲು ಕಂಪನಿಗೆ ಎಷ್ಟು ಹಕ್ಕಿದೆ?

ಇಲ್ಲಿ ಅಕೌಂಟ್ಸ್ ವಿಭಾಗದಲ್ಲಿ ಕೂತು ಪಗಾರದ ಲೆಕ್ಕ ನೋಡುವವನು ನಾನು. ಹಾಗಾಗಿ ಭಟ್ಕಳ, ಕುಂದಾಪುರ, ಉಡುಪಿ ಕಡೆಯ ಹುಡುಗರು ಸಿಕ್ಕಾಗೆಲ್ಲ ಕೇಳುವುದು ಇದನ್ನೇ: "ಅಣ್ಣ, ಕಂಪನಿಯವರು ಪಗಾರ ಹಿಡಿದಿಟ್ಟಿದ್ದಾರೆ, ಹಾಗೆ ಮಾಡಬಹುದಾ?" ಸಾಮಾನ್ಯವಾಗಿ ಮಾಡುವಂತಿಲ್ಲ. ಕೆಲವು ಕಾರಣಕ್ಕೆ ಕಡಿತ ಮಾಡಬಹುದು, ಅದಕ್ಕೂ ಮಿತಿ ಇದೆ.

ಯುಎಇಯಲ್ಲಿ ಈಗಿರುವುದು 2021ರ 33ನೇ ನಂಬರಿನ ಕಾರ್ಮಿಕ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ 25ನೇ ಕಲಂನಲ್ಲಿ ಯಾವ ಕಾರಣಕ್ಕೆ ಕಡಿತ ಮಾಡಬಹುದು ಅಂತ ಪಟ್ಟಿಯೇ ಇದೆ. ಆ ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಕಡಿತ ಮಾಡುವಂತಿಲ್ಲ. ಬಾಸ್‌ಗೆ ಸಿಟ್ಟು ಬಂತು, ಪ್ರಾಜೆಕ್ಟ್ ದುಡ್ಡು ಬರಲಿಲ್ಲ, ನೀನು ರಾಜೀನಾಮೆ ಕೊಟ್ಟೆ, ಇವ್ಯಾವುವೂ ಅದರಲ್ಲಿಲ್ಲ.

ಜಾಸ್ತಿ ಜಗಳ ಆಗುವುದು ಹಾಳಾದ ಸಾಮಾನಿನ ವಿಷಯಕ್ಕೆ. ಫೋರ್ಕ್‌ಲಿಫ್ಟ್ ಗೋಡೆಗೆ ತಾಗಿತು, ಮಷೀನ್ ಸುಟ್ಟಿತು, ಗೋದಾಮಿನಲ್ಲಿ ಮಾಲು ಒಡೆಯಿತು, ತಕ್ಷಣ ಮ್ಯಾನೇಜರ್ "ಈ ತಿಂಗಳ ಪಗಾರ ಇಲ್ಲ" ಅಂತ ಹೇಳಿಬಿಡುತ್ತಾರೆ. ಕಾನೂನು ಹೇಳುವುದು ಬೇರೆ. ಮೊದಲನೆಯದಾಗಿ ಅದು ನಿಮ್ಮ ತಪ್ಪಿನಿಂದಲೋ ಸೂಚನೆ ಮೀರಿದ್ದರಿಂದಲೋ ಆಗಿರಬೇಕು. ಆಮೇಲೆ, ತಿಂಗಳಿಗೆ ಐದು ದಿನದ ಪಗಾರಕ್ಕಿಂತ ಹೆಚ್ಚು ಹಿಡಿಯಬೇಕಿದ್ದರೆ ಕೋರ್ಟಿನ ಒಪ್ಪಿಗೆ ಬೇಕು. ನಿಮ್ಮ ಪಗಾರ 3000 ದಿರ್ಹಮ್ ಅಂದುಕೊಳ್ಳಿ, ದಿನಕ್ಕೆ 100. ಅಂದರೆ ಹೆಚ್ಚೆಂದರೆ 500. ಉಳಿದ 2500 ನಿಮ್ಮ ಕೈಗೆ ಬರಲೇಬೇಕು.

ನಿಯಮ ಮುರಿದದ್ದಕ್ಕೆ ದಂಡ ಹಾಕಿದರೆ ಪಗಾರದ ಶೇಕಡಾ 5, ಅದೂ ಕಂಪನಿಯ ನಿಯಮಕ್ಕೆ ಮಿನಿಸ್ಟ್ರಿ ಒಪ್ಪಿಗೆ ಇದ್ದರೆ ಮಾತ್ರ. ತಪ್ಪಿ ಜಾಸ್ತಿ ಪಾವತಿ ಮಾಡಿದ್ದನ್ನು ವಾಪಸ್ ಹಿಡಿಯಲು ಶೇಕಡಾ 20. ಕೋರ್ಟ್ ಆದೇಶದ ಸಾಲಕ್ಕೆ ಪಗಾರದ ಕಾಲು ಭಾಗ, ಜೀವನಾಂಶದ ವಿಷಯದಲ್ಲಿ ಮಾತ್ರ ಹೆಚ್ಚಾಗಬಹುದು. ಕಂಪನಿಯೇ ಕೊಟ್ಟ ಸಾಲ ಇದ್ದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಬಡ್ಡಿ ಹಾಕುವಂತಿಲ್ಲ. ಇಂಥ ಕಾರಣಗಳು ಎಷ್ಟೇ ಒಟ್ಟಿಗೆ ಬಂದರೂ ಒಟ್ಟು ಕಡಿತ ಅರ್ಧ ಪಗಾರ ದಾಟಬಾರದು.

ಹಾಗಾದರೆ ನಿಜವಾಗಿ ತಡೆಹಿಡಿಯುವ ಹಕ್ಕು ಎಲ್ಲೂ ಇಲ್ಲವಾ? ಇದೆ, ಶಿಸ್ತಿನ ವಿಚಾರಣೆ ನಡೆಯುವಾಗ. 30 ದಿನದವರೆಗೆ ಕೆಲಸದಿಂದ ಹೊರಗಿಟ್ಟು ಅರ್ಧ ಪಗಾರ ತಡೆಹಿಡಿಯಬಹುದು. ತಪ್ಪಿಲ್ಲ ಅಂತ ಆದರೆ, ಅಥವಾ ಬರೀ ಎಚ್ಚರಿಕೆಯಲ್ಲಿ ಮುಗಿದರೂ ಸರಿ, ತಡೆದದ್ದನ್ನು ವಾಪಸ್ ಕೊಡಬೇಕು. ನನ್ನ ಅನುಭವದಲ್ಲಿ, ಆ ವಾಪಸ್ ಕೊಡುವ ಭಾಗವನ್ನು ಯಾವ ಎಚ್‌ಆರ್ ತಾನಾಗಿ ನೆನಪಿಸುವುದಿಲ್ಲ, ನೀವೇ ಕೇಳಬೇಕು.

ಇನ್ನು ವೀಸಾ ಖರ್ಚು. "ನಿನ್ನನ್ನು ಕರೆಸಲು ಇಷ್ಟು ಖರ್ಚಾಗಿದೆ, ತಿಂಗಳು ತಿಂಗಳು ಹಿಡಿಯುತ್ತೇವೆ" ಅನ್ನುವುದು ನೇರವಾಗಿ ಕಾನೂನು ಮೀರಿದ್ದು. ನೇಮಕಾತಿಯ ಖರ್ಚನ್ನು ನೇರವಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನ ಮೇಲೆ ಹಾಕುವಂತಿಲ್ಲ ಅಂತ 6ನೇ ಕಲಂ ಹೇಳುತ್ತದೆ. ಊರಿನ ಏಜೆಂಟ್‌ಗೂ ಮಿತಿ ಇದೆ, ಭಾರತದ ನಿಯಮದ ಪ್ರಕಾರ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೊಟ್ಟು ಬಂದವರು ಎಷ್ಟೋ ಮಂದಿ, ಅದನ್ನು ಬೇರೆ ದಿನ ಬರೆಯುತ್ತೇನೆ. ಪಾಸ್‌ಪೋರ್ಟ್ ಇಟ್ಟುಕೊಂಡು "ಹಿಸಾಬ್ ಆಮೇಲೆ" ಅನ್ನುವುದೂ ಅಷ್ಟೇ, ಅದೂ ಮಾಡುವಂತಿಲ್ಲ.

ಕೆಲಸ ಬಿಡುವಾಗ ಗಲಾಟೆ ಇನ್ನೂ ಜಾಸ್ತಿ. ಕಾಂಟ್ರಾಕ್ಟ್ ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು. ವರ್ಷ ಪೂರ್ತಿ ಮಾಡಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಪಗಾರದಂತೆ, ಆಮೇಲೆ 30 ದಿನದಂತೆ ಗ್ರ್ಯಾಚುಟಿ. ಹಳೆಯ ಕಾನೂನಿನಲ್ಲಿ ನೀವೇ ರಾಜೀನಾಮೆ ಕೊಟ್ಟರೆ ಗ್ರ್ಯಾಚುಟಿ ಕತ್ತರಿಸಬಹುದಿತ್ತು, ಈಗ ಆಗುವುದಿಲ್ಲ. ಆದರೆ ಇಲ್ಲಿ ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ನೋಟಿಸ್ ಅವಧಿ ಮುಗಿಸದೆ ಎದ್ದು ಹೋದರೆ ಆ ದಿನಗಳ ಪಗಾರದಷ್ಟು ಪರಿಹಾರ ಕೇಳುವ ಹಕ್ಕು ಅವರಿಗಿದೆ. ಬೇರೆ ಕಡೆ ಕೆಲಸ ಸಿಕ್ಕಿದ ಖುಷಿಯಲ್ಲಿ ನಮ್ಮವರು ಅದನ್ನು ಮರೆತು, ಆಮೇಲೆ ಅನ್ಯಾಯ ಅಂತ ಕೂಗುತ್ತಾರೆ.

ವೀಸಾ ಕ್ಯಾನ್ಸಲ್ ಮಾಡುವ ಕಾಗದದಲ್ಲಿ "ನನ್ನ ಬಾಕಿಯೆಲ್ಲ ಬಂದಿದೆ" ಅನ್ನುವ ಸಾಲು ಇರುತ್ತದೆ. ಪಿಆರ್‌ಒ, ಅಂದರೆ ಕಂಪನಿಯ ವೀಸಾ ಕಾಗದಪತ್ರ ನೋಡುವವರು, ಬಂದು "ಸುಮ್ನೆ ಸೈನ್ ಹಾಕು, ದುಡ್ಡು ನಾಳೆ ಅಕೌಂಟಿಗೆ ಬರುತ್ತೆ" ಅಂತ ಎಷ್ಟೇ ಪ್ರೀತಿಯಿಂದ ಹೇಳಿದರೂ, ದುಡ್ಡು ಬ್ಯಾಂಕಿಗೆ ಬೀಳುವ ಮೊದಲು ಸೈನ್ ಹಾಕಬೇಡಿ. ಆಮೇಲೆ ನಿಮ್ಮ ಸೈನನ್ನೇ ನಿಮಗೆ ತೋರಿಸುತ್ತಾರೆ.

ದೂರು ಕೊಡಬೇಕಿದ್ದರೆ ಲೇಬರ್‌ಗೆ, ಅಂದರೆ ಮಾನವ ಸಂಪನ್ಮೂಲ ಮಿನಿಸ್ಟ್ರಿಯ ಆ್ಯಪ್‌ನಲ್ಲೇ ಕೊಡಬಹುದು. ಪಗಾರ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಹೋಗಬೇಕೆನ್ನುವ ಡಬ್ಲ್ಯುಪಿಎಸ್ ವ್ಯವಸ್ಥೆ 2009ರಿಂದ ಇರುವುದರಿಂದ ಬಂದಿಲ್ಲ ಅನ್ನುವುದನ್ನು ತೋರಿಸುವುದು ಅಷ್ಟು ಕಷ್ಟವಲ್ಲ. 50,000 ದಿರ್ಹಮ್ ಒಳಗಿನ ವಿವಾದವಾದರೆ 2024ರಿಂದ ಮಿನಿಸ್ಟ್ರಿಯೇ ತೀರ್ಪು ಕೊಡುತ್ತದೆ. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಮ್‌ವರೆಗಿನ ಕೇಸಿಗೆ ಕೋರ್ಟ್ ಫೀ ಇಲ್ಲ. ಕೆಲಸ ಬಿಟ್ಟು ಎರಡು ವರ್ಷದವರೆಗೆ ಕೇಳಬಹುದು ಅಂತ ಈಗ ತಿದ್ದುಪಡಿ ಆಗಿದೆ. ಆದರೆ ಊರಿಗೆ ಹೋಗಿ ಕೂತು ಇಲ್ಲಿ ಕೇಸ್ ನಡೆಸುವುದು ಅಂದರೆ ಪವರ್ ಆಫ್ ಅಟಾರ್ನಿ, ಓಡಾಟ, ಖರ್ಚು. ಇಲ್ಲಿರುವಾಗಲೇ ಮುಗಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ಖಾಸಗಿ ಕಂಪನಿಯವರಿಗೆ. ಮನೆಕೆಲಸದವರಿಗೆ, ಮನೆಯ ಡ್ರೈವರ್‌ಗಳಿಗೆ 2022ರ ಬೇರೆ ಕಾನೂನು ಇದೆ. ದುಬೈಯ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ವಲಯಗಳ ಒಳಗಿನ ಆಫೀಸುಗಳಿಗೂ ಅವರದೇ ನಿಯಮ. ಸೌದಿ, ಕತಾರ್‌ನಲ್ಲಿ ಇರುವವರು ಈ ಅಂಕಿಗಳನ್ನು ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋಗಬೇಡಿ, ಅಲ್ಲಿನದು ಬೇರೆ ಲೆಕ್ಕ.